ದಪ್ಪ ದಾರ, ಸಣ್ಣ ದಾರ

ನಮ್ಮ ಮನೆಯಲ್ಲಿ ಮೆಲ್ಲಗೆ ಮಾತಾಡುವುದು ಯಾರಿಗೂ ಬರುತ್ತಿರಲಿಲ್ಲ. ಅಜ್ಜಿ ಅಡಿಗೆಮನೆಯಲ್ಲಿ ಕೂತು ನನ್ನನ್ನು ಕರೆದರೆ ಬೀದಿಯ ತಿರುವಿನಲ್ಲಿ ಸೊಪ್ಪು ಮಾರುವವಳು ತಿರುಗಿ ನೋಡುತ್ತಿದ್ದಳು. ಅಮ್ಮ ನನಗೆ ಬೈದರೆ ಪಕ್ಕದ ಮನೆಯ ಮಕ್ಕಳು ಪುಸ್ತಕ ತೆಗೆದು ಕೂರುತ್ತಿದ್ದರು. ಹಾಗೆಂದು ನಮ್ಮದು ಜಗಳಗಂಟರ ಮನೆಯಲ್ಲ. ಎಲ್ಲರದೂ ಮೇಲುದನಿ, ಅಷ್ಟೆ. ತೆಳ್ಳಗೆ, ಚೂಪಾಗಿ, ಗೋಡೆ ದಾಟಿ ಹೋಗುವ ದನಿ. ಗುಬ್ಬಿಯ ನೀರು ಕುಡಿದವರದೆಲ್ಲ ಹೀಗೇ ಎಂದು ಅಜ್ಜಿ ಜಂಬ ಕೊಚ್ಚುತ್ತಿದ್ದಳು, ಏಕೆಂದರೆ ಅವಳ ತವರು ಗುಬ್ಬಿ. ನಾನೂ ಆಗಾಗ ಅಲ್ಲಿಗೆ ಹೋಗಿ ಅದೇ ನೀರು ಕುಡಿದಿದ್ದೆ. ಆದರೂ ನನ್ನ ದನಿ ಮಾತ್ರ ಹುಟ್ಟಿದಾಗಿನಿಂದ ದಪ್ಪ. ಗಡಿಗೆಯೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳುತ್ತದೆ ಎಂದು ಅಮ್ಮ ಒಂದು ದಿನ ನಗೆಯಾಡಿದ್ದೇ ಸಾಕಾಯಿತು, ಅಂದಿನಿಂದ ಗಿರಿಜ ಎಂಬ ನನ್ನ ಹೆಸರು ಹಿಂದೆ ಬಿದ್ದು ‘ಗಡಿಗೆ’ ಮುಂದೆ ಬಂತು. ನಾನು ನಗುತ್ತಿದ್ದೆ. ಒಳಗೆ ಉರಿಯುತ್ತಿತ್ತು.

ತುಮಕೂರಿನಲ್ಲಿ ಮಂಡಿ ಬೀದಿಗಳ ಹಿಂದೆ, ಬೆಲ್ಲ ಮತ್ತು ಹುಣಸೆಹಣ್ಣಿನ ವಾಸನೆ ಸದಾ ತುಂಬಿರುತ್ತಿದ್ದ ಒಂದು ಕಿರುಬೀದಿಯಲ್ಲಿ ನಮ್ಮ ಮನೆ ಇತ್ತು. ಅಗಲ ಕಡಿಮೆ, ಉದ್ದ ಜಾಸ್ತಿ. ಜಗುಲಿ, ಪಡಸಾಲೆ, ನಡುಮನೆ, ಅಡಿಗೆಮನೆ, ಹಿತ್ತಿಲು, ಎಲ್ಲವೂ ಒಂದರ ಹಿಂದೆ ಒಂದು. ಬಾಗಿಲುಗಳನ್ನೆಲ್ಲ ತೆರೆದರೆ ಜಗುಲಿಯಲ್ಲಿ ನಿಂತವರಿಗೆ ಹಿತ್ತಿಲ ಬಿಲ್ವದ ಗಿಡ ಕಾಣಿಸುತ್ತಿತ್ತು. ಪಡಸಾಲೆಯಲ್ಲಿ ಒಂದೊಂದು ಜಾಗ ಒಬ್ಬೊಬ್ಬರದು. ಕಿಟಕಿಯ ಪಕ್ಕ ಅಪ್ಪ, ನಡುಮನೆಯ ಹೊಸ್ತಿಲಿಗೆ ಒರಗಿ ಅಜ್ಜಿ, ಮೂಲೆಯ ಕಂಬದ ಬುಡದಲ್ಲಿ ಚಿಕ್ಕಪ್ಪ. ಅಪ್ಪ ಒಂದು ಮಂಡಿಯಲ್ಲಿ ಕೆಲಸಕ್ಕಿದ್ದ. ಚಿಕ್ಕಪ್ಪ ಎರಡು ಬೀದಿಯಾಚೆ ಸೈಕಲ್ ಶಾಪ್ ಇಟ್ಟಿದ್ದ. ಮದುವೆಯಾಗಿರಲಿಲ್ಲ. ಮಧ್ಯಾಹ್ನ ಬಂದು ಹಿತ್ತಿಲಲ್ಲಿ ಸೀಗೆಪುಡಿ ಹಾಕಿ ಕೈ ತಿಕ್ಕಿ, ವಿಭೂತಿ ಇಟ್ಟು ಲಿಂಗಪೂಜೆ ಮುಗಿಸಿ ತಾಟಿನ ಮುಂದೆ ಕೂತರೆ ಮುದ್ದೆ ಮುಗಿಯುವವರೆಗೂ ತುಟಿ ಬಿಚ್ಚುತ್ತಿರಲಿಲ್ಲ. ಅಷ್ಟು ಗದ್ದಲದ ಮನೆಯಲ್ಲಿ ಸುಮ್ಮನಿರುತ್ತಿದ್ದವನು ಅವನೊಬ್ಬನೇ. ಎಷ್ಟು ತಿರುಗಿ ನೋಡಿದರೂ ನನ್ನ ಬಾಲ್ಯದಲ್ಲಿ ನಾನು ಮನಸಾರೆ ಮೆಚ್ಚಿಕೊಂಡ ಮನುಷ್ಯನೂ ಅವನೊಬ್ಬನೇ.

ಅವನು ಹುಟ್ಟಾ ಮೌನಿಯಲ್ಲ. ಒಂಬತ್ತನೆಯ ವಯಸ್ಸಿನಲ್ಲಿ ಗುಬ್ಬಿಯಲ್ಲಿ ಬಿಡಾರ ಹೂಡಿದ್ದ ಒಂದು ಸಣ್ಣ ನಾಟಕ ಕಂಪನಿಯವರು ಅವನ ಹಾಡು ಕೇಳಿ, ಅಜ್ಜಿಯನ್ನು ಒಪ್ಪಿಸಿ ಕರೆದುಕೊಂಡು ಹೋಗಿದ್ದರಂತೆ. ಆ ಕಂಪನಿಯ ಹೆಸರೂ ಈಗ ಯಾರಿಗೂ ನೆನಪಿಲ್ಲ. ಬಾಲಕನ ಪಾತ್ರ, ರಾಜಕುಮಾರಿಯ ಪಾತ್ರ, ಎಲ್ಲ ಇವನದೇ. ಅವನು ಮೇಲಿನ ಸ್ಥಾಯಿಗೆ ಹೋಗಿ ನಿಂತರೆ ಕೊನೆಯ ಸಾಲಿನವರೂ ಬೀಡಿ ಆರಿಸಿ ಕೇಳುತ್ತಿದ್ದರು ಎಂದು ಅಜ್ಜಿ ಹೇಳುತ್ತಿದ್ದಳು. ಐದು ವರ್ಷ ಹಾಗೆ ನಡೆಯಿತು. ಆಮೇಲೆ ದನಿ ಒಡೆಯಿತು, ಮನೆಗೆ ಕಳಿಸಿದರು. ಅಜ್ಜಿ ಈ ಕಥೆಯನ್ನು ನೂರು ಸಲ ಹೇಳಿದ್ದಾಳೆ, ನೂರು ಸಲವೂ ಕೊನೆಗೆ ಒಂದೇ ಮಾತು:

“ಎಂಥ ದನಿ ಅಂತೀಯ! ಹೋಯ್ತು ಬುಡು. ದೇವ್ರು ಕೊಟ್ಟ, ದೇವ್ರೇ ಇಸ್ಕಂಡ.”

ಚಿಕ್ಕಪ್ಪ ಅಲ್ಲೇ ಕಂಬಕ್ಕೊರಗಿ ಕೂತಿರುತ್ತಿದ್ದ. ಸತ್ತ ಮಗುವಿನ ಬಗ್ಗೆ ಮಾತಾಡಿದ ಹಾಗೆ ಆ ದನಿಯ ಬಗ್ಗೆ ಮಾತಾಡುವಾಗ, ಆ ದನಿಯ ಒಡೆಯ ಎದುರಿಗೇ ಕೂತಿದ್ದಾನೆ ಎಂಬುದು ಅಜ್ಜಿಗೆ ಹೊಳೆಯುತ್ತಲೇ ಇರಲಿಲ್ಲ.

ಸೋಮವಾರದ ಸಂಜೆ ನಮ್ಮ ಮನೆಯಲ್ಲಿ ಹಾಡಿಕೆ. ದೀಪ ಹಚ್ಚಿ, ಪಡಸಾಲೆಯಲ್ಲಿ ಚಾಪೆ ಹಾಸಿ, ನೆರೆಹೊರೆಯವರೂ ಬಂದು ಕೂರುತ್ತಿದ್ದರು. ಎದುರು ಮನೆಯ ರುದ್ರಯ್ಯ ಮೇಷ್ಟ್ರು ಹಾರ್ಮೋನಿಯಂ ತರುತ್ತಿದ್ದರು. ಮನೆಯ ಪ್ರತಿಯೊಬ್ಬರೂ ಒಂದು ಹಾಡು ಹೇಳಬೇಕು, ಒಂದೇ ಸಲ. ಎಷ್ಟು ಚೆನ್ನಾಗಿದ್ದರೂ ಎರಡನೆಯ ಸಲ ಕೇಳುವಂತಿಲ್ಲ. ಶಿವನ ಮುಂದೆ ಹೇಳಿದ್ದು ಶಿವನಿಗೆ ಸೇರಿತು, ಮತ್ತೆ ಹೇಳಿದರೆ ಅದು ನಮ್ಮ ಚಪಲಕ್ಕೆ ಎಂದು ತಾತನ ಕಾಲದಿಂದ ಬಂದ ರೂಢಿ. ಚಿಕ್ಕಪ್ಪ ತಾಳ ಹಾಕುತ್ತಿದ್ದ, ಹಾಡುತ್ತಿರಲಿಲ್ಲ. ಅವನ ಸರದಿ ಬಂದಾಗ ಎಲ್ಲರೂ ಅವನನ್ನು ದಾಟಿ ಮುಂದಕ್ಕೆ ಹೋಗುತ್ತಿದ್ದರು. ಇನ್ನೊಂದು ರೂಢಿಯೂ ಇತ್ತು. ದೀಕ್ಷೆಯಾಗಿ ಕೊರಳಿಗೆ ಲಿಂಗ ಬಂದ ಮಗು, ಅದಾದ ಮೊದಲ ಸೋಮವಾರ ಎಲ್ಲರಿಗಿಂತ ಮುಂಚೆ, ಒಬ್ಬಂಟಿಯಾಗಿ ಹಾಡಬೇಕು. ಹತ್ತು ವರ್ಷ ತುಂಬುತ್ತಲೇ ನನಗೆ ದೀಕ್ಷೆ ಎಂದು ಅಪ್ಪ ಹೇಳಿದ ದಿನದಿಂದ ನನಗೆ ಊಟ ಸೇರುತ್ತಿರಲಿಲ್ಲ.

ಅದಕ್ಕೆ ಕಾರಣ ಶಾಲೆಯಲ್ಲಿತ್ತು. ಬೆಳಗಿನ ಪ್ರಾರ್ಥನೆಗೆ ಹತ್ತು ಹುಡುಗಿಯರ ಗುಂಪು, ಅದರಲ್ಲಿ ನಾನೂ ಇದ್ದೆ. ಸಂಗೀತದ ಮಿಸ್ಸು ಒಂದು ದಿನ ನನ್ನನ್ನು ಹಿಂದಿನ ಸಾಲಿಗೆ ಸರಿಸಿ, ಕಿವಿಯ ಹತ್ತಿರ ಬಗ್ಗಿ, ಬಹಳ ಪ್ರೀತಿಯಿಂದಲೇ ಹೇಳಿದರು:

“ನೀನು ಸುಮ್ನೆ ಬಾಯಿ ಆಡಿಸು ಮರಿ. ಸೌಂಡ್ ಬೇಡ. ನಿನ್ನಿಂದ ಮಿಕ್ಕೋರ್ದು ಕೆಡುತ್ತೆ.”

ಬೈದಿದ್ದರೆ ಅತ್ತು ಮರೆತುಬಿಡುತ್ತಿದ್ದೆ. ಪ್ರೀತಿಯಿಂದ ಹೇಳಿದ್ದರಿಂದ ಅದು ಒಳಗೆ ಕೂತಿತು. ಅಂದಿನಿಂದ ದಿನಾ ಬೆಳಿಗ್ಗೆ ನಾನು ಬಾಯಿ ಆಡಿಸಿದೆ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ‘ನಮ್ಮ ಗಡಿಗೆ ಪ್ರೇಯರಿಗೆ ನಿಲ್ತಾಳೆ’ ಎಂದು ಅಮ್ಮ ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದಳು, ಅವಳ ಮುಖಕ್ಕೆ ನಾನು ಹೇಗೆ ಹೇಳಲಿ?

ಆ ವರ್ಷದ ಬೇಸಿಗೆಯಲ್ಲೇ ಚಿಕ್ಕಪ್ಪ ಒಂದು ವಿಚಿತ್ರ ವಸ್ತುವನ್ನು ಹೆಗಲಿಗೆ ಹಾಕಿಕೊಂಡು ಬಂದ. ಊರಾಚೆಯ ಬಂಗಲೆಯಲ್ಲಿದ್ದ ಒಬ್ಬ ದೊರೆಸಾನಿ ನರ್ಸಮ್ಮನ ಸೈಕಲ್ಲನ್ನು ಅವನು ಏಳೆಂಟು ವರ್ಷ ರಿಪೇರಿ ಮಾಡಿದ್ದ. ಆಕೆ ತನ್ನ ದೇಶಕ್ಕೆ ಹೊರಡುವಾಗ ಸಾಮಾನೆಲ್ಲ ಹಂಚಿ, ಇದನ್ನು ಇವನ ಕೈಗಿಟ್ಟಳಂತೆ. ನೋಡಲು ವೀಣೆಯ ಮರಿ. ಮೊಳಕ್ಕಿಂತ ಚೂರು ಉದ್ದ, ಹೊಟ್ಟೆಯ ನಡುವೆ ದುಂಡನೆಯ ತೂತು, ನಾಲ್ಕು ತಂತಿ. ತಂತಿ ಎಂದೆ, ಆದರೆ ಲೋಹದ್ದಲ್ಲ, ದಾರದಂಥದು. ನಾಲ್ಕರಲ್ಲಿ ಮೂರೇ ಉಳಿದಿದ್ದವು. ಅದರ ಹೆಸರು ಯುಕುಲೇಲಿ ಎಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ನಮ್ಮ ಮನೆಯಲ್ಲಿ ಅದು ಮರಿವೀಣೆ. ಅಜ್ಜಿ ಮಾತ್ರ ಕೊನೆಯವರೆಗೂ ಅದನ್ನು ‘ದೊರೆಸಾನಿ’ ಎಂದೇ ಕರೆದಳು. ‘ಏ, ದೊರೆಸಾನೀನ ಬಿಸಿಲಲ್ಲಿ ಮಡಗ್ಬೇಡ’ ಎಂದು ಅವಳು ಕೂಗಿದರೆ ಹೊಸಬರು ಗಾಬರಿಯಾಗುತ್ತಿದ್ದರು.

ಆ ನಾಲ್ಕನೆಯ ತಂತಿಯೇ ನಮ್ಮ ಮನೆಯನ್ನು ಎರಡು ಪಂಗಡ ಮಾಡಿತು. ಮಡಿಲಲ್ಲಿ ಇಟ್ಟುಕೊಂಡಾಗ ಎಲ್ಲಕ್ಕಿಂತ ಮೇಲೆ, ಗದ್ದದ ಹತ್ತಿರ ಬರುವ ತಂತಿ ಅದು. ರುದ್ರಯ್ಯ ಮೇಷ್ಟ್ರು ಕನ್ನಡಕ ಏರಿಸಿ ನೋಡಿ, ಮೂರು ತಂತಿಗಳನ್ನು ಮೀಟಿ, ಷಡ್ಜ, ಗಾಂಧಾರ, ಧೈವತ ಎಂದು ಗುರುತು ಹಿಡಿದರು. ಹಾಗಾದರೆ ಇಲ್ಲದಿರುವುದು ಪಂಚಮ. ಸರಿ, ಆದರೆ ಯಾವ ಪಂಚಮ? ಷಡ್ಜದ ಮೇಲಿನದೋ, ಕೆಳಗಿನದೋ?

“ಕೆಳಗಿಂದೇ ಕಣಯ್ಯ. ಇದರಲ್ಲಿ ಕೇಳೋದೇನಿದೆ? ದಪ್ಪದಿಂದ ಸಣ್ಣಕ್ಕೆ ಬರ್ಬೇಕು, ಅದು ಕ್ರಮ,” ಎಂದರು ಮೇಷ್ಟ್ರು.

“ಇಲ್ಲ ಮೇಷ್ಟ್ರೇ. ಆಯಮ್ಮ ನುಡಿಸ್ತಿದ್ದಾಗ ನೋಡಿದೀನಿ. ಮೇಲಿನ ತಂತಿ ಸಣ್ಣಕ್ಕೇ ಇತ್ತು. ಮೇಲಿನ ಪಂಚಮವೇ ಕೇಳ್ತಿತ್ತು,” ಎಂದ ಚಿಕ್ಕಪ್ಪ.

“ದೊರೆಸಾನಿಗೆ ಕಟ್ಟೋಕೆ ಬಂದಿರ್ಲಿಲ್ಲ, ತಪ್ಪು ಕಟ್ಕೊಂಡಿದ್ಲು,” ಎಂದು ಮೇಷ್ಟ್ರು ತೀರ್ಪು ಕೊಟ್ಟೇಬಿಟ್ಟರು.

ಮೇಷ್ಟ್ರ ಮಾತಿಗೆ ಎದುರಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಅವರೇ ತಮ್ಮ ತಂಬೂರಿಯ ಒಂದು ಹಳೆಯ ಲೋಹದ ತಂತಿಯನ್ನು ತಂದು ಕಟ್ಟಿ, ಬಿರಡೆ ತಿರುಗಿಸಿದರು. ಅಷ್ಟು ಎಳೆತ ಆ ಮರಿಗೆ ತಡೆಯುತ್ತದೆಯೇ? ಮಾರನೆಯ ದಿನ ಎಲ್ಲರೂ ಹುರುಳಿಕಾಳಿನ ಸಾರಿಗೆ ಮುದ್ದೆ ಅದ್ದುತ್ತಿರುವಾಗ ಪಡಸಾಲೆಯಲ್ಲಿ ‘ಫಟ್’ ಎಂದಿತು. ಓಡಿ ಹೋಗಿ ನೋಡಿದರೆ ತಂತಿಗಳನ್ನು ಹಿಡಿದಿದ್ದ ಮರದ ಕುದುರೆ ಕಿತ್ತು, ಅಪ್ಪನ ಕಿಟಕಿಯ ಹತ್ತಿರ ಬಿದ್ದಿತ್ತು. ಚಿಕ್ಕಪ್ಪ ಎಂಜಲು ಕೈಯನ್ನು ಹಿಂದಕ್ಕೆ ಕಟ್ಟಿಕೊಂಡು ಅದರ ಮುಂದೆ ಕುಕ್ಕರುಗಾಲಲ್ಲಿ ಕೂತ. ಬಡಗಿಯಿಂದ ಸರೇಸು ತಂದು, ಕಾಯಿಸಿ, ಕುದುರೆಯನ್ನು ಅಂಟಿಸಿ, ಸೈಕಲ್ಲಿನ ಟ್ಯೂಬು ಸುತ್ತಿ ಎರಡು ದಿನ ಬಿಟ್ಟ. ಆ ಅಂಟನ್ನು ದನದ ಚರ್ಮ, ಮೂಳೆ ಬೇಯಿಸಿ ಮಾಡುತ್ತಾರೆ ಎಂದು ಅಜ್ಜಿಗೆ ಯಾರೂ ಹೇಳಲಿಲ್ಲ.

ದಾರದ ವಿಷಯ ಮಾತ್ರ ಮುಚ್ಚಿಡಲಾಗಲಿಲ್ಲ. ಅಮ್ಮನ ತವರು ಅಮೃತೂರು. ರಜೆಯಲ್ಲಿ ನಮ್ಮನ್ನು ಬಿಟ್ಟು ಬರಲು ಚಿಕ್ಕಪ್ಪನೇ ಬಂದ. ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸುವಾಗ ನನ್ನ ಕಿವಿಯಲ್ಲಿ, ನಾಳೆ ನಾವಿಬ್ಬರೂ ಮಾರ್ಕೋನಹಳ್ಳಿಗೆ ಹೋಗೋಣ, ಕಟ್ಟೆ ನೋಡುವುದಕ್ಕಲ್ಲ ಎಂದ. ಜಲಾಶಯದ ಅಂಚಿನಲ್ಲಿ ಬಲೆ ಸರಿಮಾಡುತ್ತ ಕೂತಿದ್ದ ಒಬ್ಬ ಮುದುಕನ ಹತ್ತಿರ ಹೋಗಿ, ಹೊಸದಾಗಿ ಬಂದಿದೆಯಂತಲ್ಲ ನೈಲಾನ್ ದಾರ, ಅದು ಬೇಕು ಎಂದು ಕೇಳಿದ. ಮುದುಕ ನಮ್ಮ ಹಣೆಯ ವಿಭೂತಿ ನೋಡಿ ಕಕ್ಕಾಬಿಕ್ಕಿಯಾದ.

“ಸ್ವಾಮೇರು ಮೀನು ಹಿಡೀತೀರಾ?”

“ಇಲ್ಲಪ್ಪ, ಹಾಡು ಹಿಡಿಯಾಕೆ.”

ಮುದುಕ ಬೊಚ್ಚುಬಾಯಿ ಬಿಟ್ಟು ನಕ್ಕ. ಎರಡು ಉಂಡೆ ತಂದ. ಒಂದು ಸಣ್ಣ ಮೀನಿನ ಗಾಳಕ್ಕೆ ಹಾಕುವ ತೆಳ್ಳನೆಯ ದಾರ, ಇನ್ನೊಂದು ದೊಡ್ಡ ಮೀನಿಗೆ ಹಾಕುವ ದಪ್ಪ ದಾರ. ಚಿಕ್ಕಪ್ಪ ಎರಡನ್ನೂ ಹಲ್ಲಿನಲ್ಲಿ ಕಚ್ಚಿ ಎಳೆದು, ಹೆಬ್ಬೆರಳಲ್ಲಿ ಮೀಟಿ, ಕಣ್ಣು ಮುಚ್ಚಿ ಕೇಳಿದ. ತೆಳ್ಳನೆಯದರಲ್ಲಿ ಮೇಲಿನ ಪಂಚಮ, ದಪ್ಪದ್ದರಲ್ಲಿ ಕೆಳಗಿನದು. ಯಾವುದು ಬೇಕು ಎಂದು ಅವನಿಗೆ ಮೊದಲೇ ಗೊತ್ತಿತ್ತು, ಅದು ಮುಖದಲ್ಲೇ ಕಾಣುತ್ತಿತ್ತು. ಆದರೂ ಎರಡನ್ನೂ ಒಂದೊಂದು ಮಾರು ತೆಗೆದುಕೊಂಡ.

ಊರಿಗೆ ಬಂದು ಪೊಟ್ಟಣ ಬಿಚ್ಚಿದಾಗ ಅಜ್ಜಿ ಹೊಸ್ತಿಲಿನಿಂದ ಎದ್ದೇಬಿಟ್ಟಳು.

“ಲಿಂಗ ಕಟ್ಟಿರೋ ಮನೆ ಒಳಕ್ಕೆ ಮೀನು ಹಿಡಿಯೋ ದಾರ ತಂದಿದೀಯೇನ್ಲಾ?”

“ಹೊಸ ದಾರ ಕಣವ್ವ. ಇನ್ನೂ ನೀರು ಕಂಡಿಲ್ಲ, ಮೀನೂ ಕಂಡಿಲ್ಲ.”

“ಕಾಣ್ದಿದ್ರೇನು? ಹುಟ್ಟಿದ್ದು ಅದ್ಕೇ ತಾನೆ?”

ಅರ್ಧ ದಿನ ಮನೆಯಲ್ಲಿ ಒಲೆಯ ಹೊಗೆಗಿಂತ ಹೆಚ್ಚಾಗಿ ಮಾತಿನ ಹೊಗೆ ತುಂಬಿತು. ಕೊನೆಗೆ ಅಜ್ಜಿಯೇ ದಾರಿ ಹುಡುಕಿದಳು. ಮೂರು ದಿನ ಆ ದಾರಗಳು ಹಿತ್ತಿಲ ಬಿಲ್ವದ ಗಿಡದಲ್ಲಿ ತೂಗಬೇಕು, ಮೂರನೆಯ ದಿನ ಅವಳೇ ವಿಭೂತಿ ಸವರಿ ಒಳಗೆ ತರುತ್ತಾಳೆ. ಚಿಕ್ಕಪ್ಪ ಮರುಮಾತಾಡದೆ ಕಟ್ಟಿದ, ಗಾಳಿಗೆ ಹಾರದಿರಲಿ ಎಂದು ತುದಿಗೊಂದೊಂದು ಕಲ್ಲನ್ನೂ ಕಟ್ಟಿದ. ಹೊಸ ನೈಲಾನು ಎಳೆದಷ್ಟೂ ಹಿಗ್ಗುತ್ತದೆ, ಹಾಗೇ ಕಟ್ಟಿದರೆ ಗಳಿಗೆಗೊಮ್ಮೆ ಶ್ರುತಿ ಇಳಿಯುತ್ತದೆ. ಮೂರು ದಿನ ಕಲ್ಲು ಹೊತ್ತು ತೂಗಿದ್ದರಿಂದ ಅದು ಹಿಗ್ಗುವಷ್ಟು ಹಿಗ್ಗಿ ಮುಗಿಯಿತು. ಅಜ್ಜಿ ತನ್ನ ವಿಭೂತಿಯ ಮಹಿಮೆಯಿಂದಲೇ ಶ್ರುತಿ ನಿಂತಿತು ಎಂದಳು, ಚಿಕ್ಕಪ್ಪ ಹೌದವ್ವ ಎಂದ. ಅವನು ಎಷ್ಟು ಜಾಣ ಎಂದು ನನಗೆ ಅಂದೇ ಗೊತ್ತಾಯಿತು.

ಅವನು ಕಟ್ಟಿದ್ದು ಸಣ್ಣ ದಾರವನ್ನು. ಅಪ್ಪ ಕಂಬದ ಕಡೆ ತಿರುಗಿ ಕೂತ, ಅಮ್ಮ ಕೈಯಲ್ಲಿ ಸೌಟು ಹಿಡಿದುಕೊಂಡೇ ಬಂದಳು. ಚಿಕ್ಕಪ್ಪ ನಾಲ್ಕೂ ತಂತಿಗಳ ಮೇಲೆ ಬೆರಳಾಡಿಸಿದ. ಮೇಲಿಂದ ಕೆಳಗೆ ಬಂದ ಕೈಗೆ ಮೊದಲು ಸಿಕ್ಕಿದ್ದು ಆ ಎತ್ತರದ ಪಂಚಮ, ಆಮೇಲೆ ಷಡ್ಜ, ಮತ್ತೆ ಮೇಲಕ್ಕೆ ಗಾಂಧಾರ, ಧೈವತ. ಕ್ರಮ ತಪ್ಪಿದ್ದೇ ಅದರ ಚೆಂದ. ಸಣ್ಣ ಗಂಟೆಗಳನ್ನು ಒಟ್ಟಿಗೆ ಅಲುಗಿಸಿದ ಹಾಗೆ ಪಡಸಾಲೆ ತುಂಬ ಬೆಳಕಾಯಿತು. ರುದ್ರಯ್ಯ ಮೇಷ್ಟ್ರೂ ‘ದೊರೆಸಾನಿ ತಿಳಿದೋಳೇ ಕಣಯ್ಯ’ ಎಂದು ಒಪ್ಪಿಕೊಂಡರು. ಮುಂದಿನ ಎರಡು ತಿಂಗಳು ಚಿಕ್ಕಪ್ಪ ದಿನಾ ಸಂಜೆ ನುಡಿಸಿದ. ಕಂಪನಿಯ ಕಾಲದ ಮಟ್ಟುಗಳೆಲ್ಲ ಒಂದೊಂದಾಗಿ ಅವನ ಬೆರಳಿಗೆ ಬಂದವು. ಅಜ್ಜಿ ಹೊಸ್ತಿಲಿಗೆ ತಲೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದು ದಿನ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು:

“ಅದೇ ದನಿ ಕಣೋ. ನಿಂದೇ. ಚಿಕ್ಕವನಿದ್ದಾಗಿಂದು. ತಿರ್ಗಾ ಬಂದ್ಬುಡ್ತು.”

ಚಿಕ್ಕಪ್ಪ ಆ ಎತ್ತರದ ದಾರವನ್ನು ಇನ್ನೊಮ್ಮೆ ಮೀಟಿದ. ಅವನು ಅಷ್ಟು ಸುಖವಾಗಿ ಕೂತಿದ್ದನ್ನು ನಾನು ಅದಕ್ಕಿಂತ ಮುಂಚೆ ನೋಡಿರಲಿಲ್ಲ.

ದೀಕ್ಷೆಗೆ ಹದಿನೈದು ದಿನ ಉಳಿದಿದ್ದಾಗ ಆ ಸುಖಕ್ಕೆ ನಾನು ಕಲ್ಲು ಹಾಕಿದೆ. ಶಾಲೆಯ ಹೆಡ್‌ಮಿಸ್ಸಿನ ಸೈಕಲ್ ತಲುಪಿಸಲು ಬಂದ ಚಿಕ್ಕಪ್ಪ, ಪ್ರಾರ್ಥನೆ ನಡೆಯುತ್ತಿದೆ ಎಂದು ಗೇಟಿನ ಹತ್ತಿರ ನಿಂತುಕೊಂಡಿದ್ದ. ನಾನು ಎಂದಿನಂತೆ ಹಿಂದಿನ ಸಾಲಿನಲ್ಲಿ ಬಾಯಿ ಆಡಿಸುತ್ತಿದ್ದೆ. ಅವನ ಕಡೆ ನೋಡಿ ನಕ್ಕೆ ಕೂಡ. ಸಂಜೆ ಶಾಪಿನ ಮುಂದೆ ಹಾದುಹೋಗುವಾಗ ಕರೆದು, ಸ್ಟೂಲಿನ ಮೇಲೆ ಕೂರಿಸಿ, ಕಡಲೆಪುರಿ ಕೊಟ್ಟ.

“ಎಷ್ಟು ದಿನದಿಂದ ಬಾಯಿ ಆಡಿಸ್ತಿದೀಯ?”

ನಾನು ಪುರಿ ಅಗಿಯುವುದನ್ನು ನಿಲ್ಲಿಸಿದೆ.

“ಹಾಡೋರ ಕತ್ತು ನೋಡಿದ್ರೆ ಗೊತ್ತಾಗುತ್ತೆ ಕಣೇ. ಇಲ್ಲಿ ನರ ಅಲ್ಲಾಡುತ್ತೆ. ನಿಂದು ಅಲ್ಲಾಡ್ಲಿಲ್ಲ.”

ಎಲ್ಲ ಹೇಳಿದೆ. ಮಿಸ್ಸು ಹೇಳಿದ್ದು, ಮಿಕ್ಕವರದು ಕೆಡುತ್ತದೆ ಎಂದಿದ್ದು, ದೀಕ್ಷೆಯ ಸೋಮವಾರ ನಾನು ಹೇಗೆ ಹಾಡಲಿ ಎಂಬುದು. ಮೇಷ್ಟ್ರು ಹಾರ್ಮೋನಿಯಂ ಹಿಡಿಯುವುದು ಅಮ್ಮ ಅಜ್ಜಿಯರ ಎತ್ತರದ ಶ್ರುತಿಗೆ. ನಾನು ಅಲ್ಲಿ ಕಿರುಚಬೇಕು, ಇಲ್ಲವೇ ಬಾಯಿ ಆಡಿಸಬೇಕು. ಹೇಳುತ್ತ ಹೇಳುತ್ತ ಬಿಕ್ಕಿ ಬಿಕ್ಕಿ ಅತ್ತೆ. ಚಿಕ್ಕಪ್ಪ ಮುರಿದ ಪೆಡಲೊಂದನ್ನು ಕೈಯಲ್ಲಿ ತಿರುಗಿಸುತ್ತ, ಅದುವರೆಗೂ ಮನೆಯಲ್ಲಿ ಯಾರಿಗೂ ಹೇಳದ್ದನ್ನು ಹೇಳಿದ.

“ದನಿ ಒಡೆದ ಮೇಲೆ ಕಂಪನಿಯೋರು ತಕ್ಷಣ ಕಳಿಸ್ಲಿಲ್ಲ. ಒಂದು ತಿಂಗಳು ಪರದೆ ಹಿಂದೆ ಇನ್ನೊಬ್ಬ ಹುಡುಗ ಹಾಡಿದ, ನಾನು ಮುಂದೆ ನಿಂತು ಬಾಯಿ ಆಡಿಸ್ದೆ. ಜನ ನನ್ನ ನೋಡಿ ಚಪ್ಪಾಳೆ ಹೊಡೆದ್ರು. ಆಮೇಲೆ ಹೊಸ ದನಿ ಬಂತು. ದಪ್ಪಕ್ಕೆ. ಕೆಟ್ಟದಾಗೇನೂ ಇರ್ಲಿಲ್ಲ. ಆದ್ರೆ ಅವ್ವ ಅಷ್ಟೊತ್ತಿಗೆ ದನಿ ಹೋಯ್ತು ಅಂತ ಊರಿಗೆಲ್ಲ ಹೇಳಿಬಿಟ್ಟಿದ್ಲು. ಹೋದ ಮೇಲೆ ಹೋದ ಹಾಗೇ ಇರೋಣ ಅಂತ ನಾನೂ ಸುಮ್ನಾದೆ.”

ಅವನಿಗೆ ಆಗ ಮೂವತ್ತೈದರ ಆಸುಪಾಸು. ಇಪ್ಪತ್ತು ವರ್ಷ ಸುಮ್ಮನಿದ್ದ ಮನುಷ್ಯ ಹತ್ತು ವರ್ಷದ ಹುಡುಗಿಗೆ ಇದನ್ನು ಹೇಳಿದ. ಶಾಲೆಯಲ್ಲಿ ಮುಂದೆಯೂ ಏನೂ ಬದಲಾಗಲಿಲ್ಲ ಎಂದು ಈಗಲೇ ಹೇಳಿಬಿಡುತ್ತೇನೆ. ಆ ಮಿಸ್ಸು ವರ್ಗವಾಗುವವರೆಗೂ ನಾನು ಹಿಂದಿನ ಸಾಲಿನಲ್ಲೇ ಇದ್ದೆ. ಬದಲಾದದ್ದು ಮನೆಯಲ್ಲಿ.

ಮನೆಗೆ ಬಂದವನೇ ನನ್ನನ್ನು ಹಿತ್ತಿಲಿಗೆ ಕರೆದು, ನಿನಗೆ ಸುಲಭವಾಗುವ ಕಡೆ ಹಾಡು ಎಂದ. ಅಜ್ಜಿ ಕಲಿಸಿದ್ದ ಒಂದು ಗುರುಸ್ತುತಿಯನ್ನು ಹೇಳಿದೆ. ಅವನು ಮರಿವೀಣೆಯಲ್ಲಿ ಹಿಂಬಾಲಿಸಿದ. ಮೊದಲ ಸಾಲು ಸರಿಹೋಯಿತು. ನನ್ನ ಷಡ್ಜ ಆ ವಾದ್ಯದ ಷಡ್ಜದ ಮೇಲೆ ಬಂದು ಕೂತಿತು. ಎರಡನೆಯ ಸಾಲು ಷಡ್ಜದಿಂದ ಕೆಳಗಿಳಿದು ಪಂಚಮ ಮುಟ್ಟಿ ಬರುತ್ತದೆ. ಅಲ್ಲಿ ಅವನ ಬೆರಳು ನಿಂತುಬಿಟ್ಟಿತು. ಸಣ್ಣ ದಾರ ಕಟ್ಟಿದ ಆ ವಾದ್ಯದಲ್ಲಿ ಷಡ್ಜಕ್ಕಿಂತ ಕೆಳಗೆ ಒಂದು ಸ್ವರವೂ ಇರಲಿಲ್ಲ. ನಾನು ಇಳಿದೆ, ವಾದ್ಯ ಮೇಲೇ ಉಳಿಯಿತು. ನೀರಿಲ್ಲದ ಬಾವಿಗೆ ಇಳಿದ ಹಾಗಾಗಿ ನನ್ನ ದನಿ ನಡುಗಿ ನಿಂತಿತು.

ಚಿಕ್ಕಪ್ಪ ಒಳಗೆ ಹೋಗಿ ದಪ್ಪ ದಾರವನ್ನೂ ಶಾಪಿನ ಸಣ್ಣ ಅರವನ್ನೂ ತಂದ. ಸಣ್ಣ ದಾರ ಕೂತಿದ್ದ ಕಚ್ಚಿನಲ್ಲಿ ದಪ್ಪ ದಾರ ಕೂರುವುದಿಲ್ಲ. ವಾದ್ಯದ ಕತ್ತಿನ ತುದಿಯಲ್ಲಿ ದಾರ ಹಾಯುವ ಆ ಕಚ್ಚನ್ನು ಅರದಿಂದ ಉಜ್ಜಿ ಅಗಲ ಮಾಡಬೇಕು. ಒಮ್ಮೆ ಅಗಲವಾದರೆ ಸಣ್ಣ ದಾರ ಅದರಲ್ಲಿ ಲೊಡಲೊಡ ಆಡುತ್ತದೆ, ಮತ್ತೆ ಕೂರುವುದಿಲ್ಲ. ಆ ದೇಶದ ವಸ್ತುವಿಗೆ ಬದಲಿ ತುಂಡು ತುಮಕೂರಿನಲ್ಲಿ ಎಲ್ಲಿ ಸಿಗಬೇಕು? ಇದೆಲ್ಲ ನನಗೆ ತಿಳಿಯುವಂತೆ ಅವನು ಹೇಳಲಿಲ್ಲ. ಅಜ್ಜಿಗೆ ಹೇಳಿದ, ನಾನು ಕೇಳಿಸಿಕೊಂಡೆ. ಅಜ್ಜಿ ಹಿತ್ತಿಲ ಬಾಗಿಲಲ್ಲಿ ನಿಂತಿದ್ದಳು.

“ಬ್ಯಾಡ ಕಣೋ. ಅದ್ನ ತೆಗೀಬ್ಯಾಡ. ಕೈ ಮುಗಿತೀನಿ.”

“ಮಗು ಹಾಡ್ಬೇಕಲ್ಲವ್ವ.”

“ಮಗೂನ ಮೇಲಕ್ಕೆ ಹಾಡ್ಸು. ಕಲ್ತ್ಕೊತಾಳೆ. ಹೆಣ್ಣುಮಗು ಹಂಗೆ ಗಂಡಸಿನಂಗೆ ಹಾಡಿದ್ರೆ ಕೇಳೋರೇನಂದಾರು? ನಿನ್ನ ದನಿ ತಿರ್ಗಾ ಬಂದಿತ್ತು, ಅದ್ನ ಕೈಯಾರೆ ಕಳಿತೀಯಲ್ಲೋ!”

ಅಜ್ಜಿಯ ಆ ಚೂಪು ದನಿ ಮೊದಲ ಬಾರಿಗೆ ಒಡೆದಿತ್ತು. ಚಿಕ್ಕಪ್ಪ ಸಣ್ಣ ದಾರವನ್ನು ಒಂದೇ ಒಂದು ಸಲ ಮೀಟಿದ. ಅದು ಪೂರ್ತಿ ಆರುವವರೆಗೂ ಕಾದ. ಆಮೇಲೆ ಬಿರಡೆ ಸಡಿಲಿಸಿ, ದಾರ ತೆಗೆದು, ಕಚ್ಚಿಗೆ ಅರ ಇಟ್ಟ. ಕಿರ್ ಕಿರ್ ಎಂದು ಬಿಳಿಯ ಪುಡಿ ಅವನ ಮಂಡಿಯ ಮೇಲೆ ಉದುರಿತು. ಅಜ್ಜಿ ಒಳಗೆ ಹೋದಳು. ಅಂದು ಅವಳು ಊಟ ಮಾಡಲಿಲ್ಲ, ಅವನೊಂದಿಗೆ ದೀಕ್ಷೆಯ ದಿನದವರೆಗೂ ಮಾತಾಡಲಿಲ್ಲ. ನನಗೋಸ್ಕರ ಯಾರಾದರೂ ಏನನ್ನಾದರೂ ಹೀಗೆ, ತಿರುಗಿ ಪಡೆಯಲಾಗದಂತೆ, ಕೊಟ್ಟದ್ದು ಅದೇ ಮೊದಲು. ನನಗೆ ಕೃತಜ್ಞತೆಗಿಂತ ಭಯವೇ ಹೆಚ್ಚಾಯಿತು. ಇಷ್ಟಾದ ಮೇಲೂ ಸೋಮವಾರ ನನ್ನ ಬಾಯಿಂದ ದನಿ ಹೊರಡದಿದ್ದರೆ?

ದೀಕ್ಷೆಯಾಯಿತು. ಕೊರಳಲ್ಲಿ ಲಿಂಗದ ಹೊಸ ಕರಡಿಗೆ ತೂಗುತ್ತ ಎದೆಗೆ ತಾಗುತ್ತಿತ್ತು. ಸೋಮವಾರ ಸಂಜೆ ಪಡಸಾಲೆ ತುಂಬ ಜನ. ಅಮೃತೂರಿನಿಂದ ಅಮ್ಮನ ಕಡೆಯವರೂ ಬಂದಿದ್ದರು. ಅಡಿಗೆಮನೆಯಿಂದ ಗಸಗಸೆ ಪಾಯಸದ ವಾಸನೆ ಬರುತ್ತಿತ್ತು. ಮೇಷ್ಟ್ರು ಎಂದಿನ ಎತ್ತರಕ್ಕೆ ಹಾರ್ಮೋನಿಯಂ ಒತ್ತಿದರು. ಚಿಕ್ಕಪ್ಪ ಕಂಬದ ಬುಡದಿಂದ ಎದ್ದು ಬಂದು ನನ್ನ ಪಕ್ಕ ಕೂತ.

“ಮೇಷ್ಟ್ರೇ, ಇವತ್ತು ಪೆಟ್ಟಿಗೆ ಮುಚ್ಚಿ. ಮಗೂಗೆ ಇದೇ ಶ್ರುತಿ.”

ಮೇಷ್ಟ್ರು ಹುಬ್ಬೇರಿಸಿದರು, ಆದರೆ ಮುಚ್ಚಿದರು. ಚಿಕ್ಕಪ್ಪ ನಾಲ್ಕೂ ತಂತಿಗಳನ್ನು ನಿಧಾನವಾಗಿ ಮೀಟಿದ. ಗಂಟೆಯ ಸದ್ದಿಲ್ಲ. ದಪ್ಪ ದಾರ ಮೊದಲು ಹೂಂಗುಟ್ಟಿತು, ಅದರ ಮೇಲೆ ಮಿಕ್ಕ ಮೂರು ಒಂದೊಂದಾಗಿ ಹತ್ತಿ ಕೂತವು. ನಾನು ಬಾಯಿ ತೆರೆದೆ. ಏನೂ ಬರಲಿಲ್ಲ. ಯಾರೋ ಕೆಮ್ಮಿದರು. ಅಮ್ಮ ಕಣ್ಣಿನಲ್ಲೇ ‘ಹೂಂ’ ಎಂದಳು. ಚಿಕ್ಕಪ್ಪ ನನ್ನ ಕಡೆ ತಿರುಗಲೂ ಇಲ್ಲ. ಕಾಯುವವರ ಹಾಗಲ್ಲದೆ, ಇದೇ ತನ್ನ ಕೆಲಸ ಎಂಬಂತೆ ಮೀಟುತ್ತಲೇ ಹೋದ. ನಾಲ್ಕನೆಯ ಸುತ್ತಿಗೋ ಐದನೆಯದಕ್ಕೋ ನನ್ನ ದನಿ ಹೊರಟಿತು. ಗಡಿಗೆಯ ದನಿಯೇ. ಆದರೆ ಆ ಶ್ರುತಿಯ ಮೇಲೆ ಅದು ಎಲ್ಲಿಗೂ ತಾಗದೆ, ಯಾರದನ್ನೂ ಕೆಡಿಸದೆ ನಿಂತಿತು. ಎರಡನೆಯ ಸಾಲು ಬಂತು. ಷಡ್ಜದಿಂದ ಇಳಿದೆ. ಈ ಸಲ ಕೆಳಗೆ ಅವನು ನನಗಿಂತ ಮುಂಚೆ ಹೋಗಿ ನಿಂತಿದ್ದ. ಪಂಚಮದ ಮೇಲೆ ಕಾಲೂರಿ ಉಸಿರು ತೆಗೆದುಕೊಂಡೆ. ಅಷ್ಟು ಧೈರ್ಯದಿಂದ ನಾನು ಆಮೇಲೆ ಬದುಕಿನಲ್ಲಿ ಎಷ್ಟು ಸಲ ಉಸಿರಾಡಿದ್ದೇನೋ ಕಾಣೆ.

ಮುಗಿದಾಗ ಅಪ್ಪ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಿದ್ದ. ಮುಂದಿನವರ ಸರದಿ ಬರಬೇಕಿತ್ತು, ಅಮ್ಮ ಗಂಟಲು ಸರಿಮಾಡಿಕೊಳ್ಳುತ್ತಿದ್ದಳು. ಅಷ್ಟರಲ್ಲಿ ಹೊಸ್ತಿಲ ಹತ್ತಿರದಿಂದ ಅಜ್ಜಿ ಎಂದಳು:

“ಇನ್ನೊಂದ್ಸಲ ಹೇಳು.”

ಪಡಸಾಲೆಯವರೆಲ್ಲ ಅವಳ ಕಡೆ ನೋಡಿದರು. ಆ ರೂಢಿಯನ್ನು ಅಷ್ಟು ವರ್ಷ ಕಾಯ್ದುಕೊಂಡು ಬಂದವಳೇ ಅವಳು. ನಾನು ಮತ್ತೆ ಶುರು ಮಾಡಿದೆ. ಎರಡನೆಯ ಸಾಲಿಗೆ ಇಳಿಯುವಾಗ ಪಕ್ಕದಿಂದ ಇನ್ನೊಂದು ದನಿ ಬಂದು ನನ್ನದರ ಕೆಳಗೆ ಸೇರಿತು. ಮೊದಲು ದಾರದ ಸದ್ದೇ ಎಂದುಕೊಂಡೆ. ತಿರುಗಿ ನೋಡಿದರೆ ಚಿಕ್ಕಪ್ಪನ ಕತ್ತಿನ ನರ ಅಲ್ಲಾಡುತ್ತಿತ್ತು. ನನಗೆ ಹಾಡು ಮರೆತೇಹೋಯಿತು. ನಾನು ನಿಲ್ಲಿಸಿದೆ, ಅವನು ನಿಲ್ಲಿಸಲಿಲ್ಲ. ಅಗಲವಾದ, ಒರಟಾದ, ತುಂಬಿದ ಗಂಡುದನಿ. ತಾನು ಹಾಡುತ್ತಿದ್ದೇನೆಂದು ಅವನಿಗೇ ಗೊತ್ತಿ­ರಲಿಲ್ಲವೇನೋ. ಗೊತ್ತಾದಾಗ ತಟ್ಟನೆ ಬಾಯಿ ಮುಚ್ಚಿದ. ಅಜ್ಜಿ ಹೊಸ್ತಿಲು ಬಿಟ್ಟು, ಕೂತವರ ನಡುವೆ ದಾರಿ ಮಾಡಿಕೊಂಡು ಬಂದು ಅವನ ಎದುರಿಗೆ ಕೂತಳು. ಅವಳು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ಇಷ್ಟು ವರ್ಷ ಇದ್ನ ಎಲ್ಲಿ ಮಡಗಿದ್ಯೋ?”

“ಎಲ್ಲೂ ಮಡಗಿರ್ಲಿಲ್ಲ ಕಣವ್ವ. ನೀನು ಹೋಗಿದ್ನೇ ಹುಡುಕ್ತಾ ಇದ್ದೆ.”

ಅಜ್ಜಿ ಅವನ ಗಂಟಲ ಮೇಲೆ, ಆಗತಾನೆ ನರ ಅಲ್ಲಾಡಿದ ಜಾಗದಲ್ಲಿ, ಅಂಗೈ ಇಟ್ಟಳು. ಆಮೇಲೆ ಕೈ ತೆಗೆದು, ಸೆರಗು ಸರಿಮಾಡಿಕೊಂಡು, ಬೀದಿಯ ಕೊನೆಗೂ ಕೇಳುವ ತನ್ನ ಎಂದಿನ ದನಿಯಲ್ಲಿ ಹೇಳಿದಳು:

“ಹೂಂ, ಮೊದ್ಲಿಂದ ಹೇಳಿ. ಇಬ್ರೂವೆ.”